ಮದ್ದಿಲ್ಲದ ಚೀಲ

ನಿರುಪಮಾ ಧಾರವಾಡದಿಂದ ವರ್ಗವಾಗಿ ಔರಂಗಾಬಾದಿಗೆ ಬಂದದ್ದು ಎಂಬತ್ತಾರರಲ್ಲಿ. ಚಿಕಲಠಾಣಾದ ಕಡೆ ಒಂದು ಸಣ್ಣ ಸರ್ಕಾರಿ ಕಚೇರಿ; ಕಾಳುಕಡಿ ಕೆಡದಂತೆ ಕಾಪಾಡುವ ಬಗೆ ಹುಡುಕುವುದು ಅಲ್ಲಿಯ ಕೆಲಸ. ಅವಳ ಪಾಲಿಗೆ ಬಂದದ್ದು ಅಕ್ಕಿಯ ಸೊಂಡಿಲು ಹುಳ. ಗಾಜಿನ ಭರಣಿಗಳಲ್ಲಿ ಅವನ್ನು ಸಾಕಬೇಕು, ಬೆಳೆಸಬೇಕು, ಆಮೇಲೆ ಯಾವ ಮದ್ದಿಗೆ ಸಾಯುತ್ತವೆ ಎಂದು ನೋಡಬೇಕು. ವಯಸ್ಸು ನಲವತ್ತು ದಾಟಿತ್ತು, ಮದುವೆ ಆಗಿರಲಿಲ್ಲ. ತಾಯಿ ಹೋದ ಮೇಲೆ ಧಾರವಾಡದ ಮನೆ ತಮ್ಮನ ಮನೆಯಾಗಿತ್ತು.

ಊರಿನವರು ಒಳ್ಳೆಯವರೇ. ಮಾಳಿಗೆಯ ಖೋಲಿ ಬಾಡಿಗೆ ಕೊಟ್ಟಿದ್ದ ಸಾವಿತ್ರಿಬಾಯಿ ದಿನಾ ಮರಾಠಿಯಲ್ಲಿ ಯೋಗಕ್ಷೇಮ ಕೇಳುತ್ತಿದ್ದಳು. ಆದರೂ ಸಂಜೆ ಬಾಗಿಲು ಹಾಕಿಕೊಂಡರೆ ಬೆಳಗಿನ ತನಕ ತುಟಿ ಬಿಚ್ಚುವ ಪ್ರಸಂಗ ಇರುತ್ತಿರಲಿಲ್ಲ. ಒಂದು ಭಾನುವಾರ ನಿಲ್ದಾಣದಲ್ಲಿ ಬಸ್ಸಿನ ಹಣೆಯ ಮೇಲೆ ‘ಕನ್ನಡ’ ಎಂಬ ತಾಲೂಕಿನ ಹೆಸರು ಓದಿ, ಸುಮ್ಮನೆ ಹತ್ತಿಬಿಟ್ಟಳು. ಇಳಿದಾಗ ಅದೂ ಎಲ್ಲ ಊರುಗಳಂಥದೇ. ಹತ್ತಿಯ ಗಾಡಿ, ಸಂತೆ, ಮರಾಠಿ. ಚಹಾ ಕುಡಿದು ಅದೇ ಬಸ್ಸಿಗೆ ವಾಪಸಾದಳು.

ಮರುವರ್ಷ ಹುಳಕ್ಕೆ ಮದ್ದಾಗಿ ಬಜೆಬೇರಿನ ಪುಡಿಯನ್ನು ನಿಜವಾದ ಉಗ್ರಾಣದಲ್ಲಿ ಪರೀಕ್ಷಿಸುವ ಕೆಲಸ ಬಂತು. ಔರಂಗಾಬಾದಿನಲ್ಲೇ ಬೇಕಾದಷ್ಟು ಉಗ್ರಾಣಗಳಿದ್ದವು. ನಿರುಪಮಾ ಮಾತ್ರ ನಾಸಿಕದ ಒಂದು ಸಸ್ಯಾಹಾರಿ ಹೋಟೆಲನ್ನು ಆರಿಸಿಕೊಂಡಳು. ಕಾರ್ಕಳದ ಕಡೆಯ ಹರಿಣಾಕ್ಷಿ ಗಂಡ ತೀರಿದ ಮೇಲೆ ಅದನ್ನು ನಡೆಸುತ್ತಿದ್ದಳು. ಗಲ್ಲಾಪೆಟ್ಟಿಗೆಯ ಮುಂದೆ ಮಗ ಮೋಹನದಾಸ. ಹೋಟೆಲಿನ ಹಿಂಬದಿಯ ಉಗ್ರಾಣದಲ್ಲಿ ಬಜೆಪುಡಿ ಬೆರೆಸಿದ ಚೀಲ, ಬೇವಿನೆಲೆ ಹಾಕಿದ ಚೀಲ, ಹೋಲಿಸಿ ನೋಡಲು ಏನೂ ಹಾಕದ ಚೀಲ ಇಟ್ಟರು. ಮದ್ದಿಲ್ಲದ ಚೀಲಕ್ಕೆ ಪೂರ್ತಿ ಹುಳ ಹತ್ತಿದಾಗ ಪ್ರಯೋಗ ಮುಗಿದಂತೆ ಎಂದು ನಿರುಪಮಾ ಹರಿಣಾಕ್ಷಿಗೆ ತಿಳಿಸಿ ಹೇಳಿದಳು.

ತಿಂಗಳಿಗೊಮ್ಮೆ ಹೋಗುವಳು. ಅಕ್ಕಿ ಜರಡಿ ಹಿಡಿದು ಹುಳ ಎಣಿಸುವುದು ಅರ್ಧ ತಾಸಿನ ಕೆಲಸ, ಮಿಕ್ಕಿದ್ದೆಲ್ಲ ಮಾತು. ಮನೆಯಲ್ಲಿ ತುಳು, ಹೊರಗೆ ಮರಾಠಿ ಆಡುವ ಹರಿಣಾಕ್ಷಿಗೆ ಕನ್ನಡವೆಂದರೆ ಶಾಲೆಯ ದಿನಗಳ ಮಾತು. ಧಾರವಾಡದವಳು ‘ಹೌದ್ರಿ’ ಎಂದರೆ ನಕ್ಕು, ತಾನೂ ಹಾಗೇ ಅಂದು ನೋಡುತ್ತಿದ್ದಳು. ಮೊಮ್ಮಕ್ಕಳಿಗೆ ತನ್ನ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ ಎಂದು ಒಮ್ಮೆ ಹೇಳಿಕೊಂಡಿದ್ದಳು.

ಮಳೆಗಾಲ ಬಂತು. ಹುಳ ಹೆಚ್ಚಬೇಕಾದ ಕಾಲ. ಬಜೆಯ ಚೀಲದಲ್ಲಿ ಹುಳವಿಲ್ಲ, ಸರಿ. ಮದ್ದಿಲ್ಲದ ಚೀಲದಲ್ಲೂ ಅಲ್ಲೊಂದು ಇಲ್ಲೊಂದು. ನಿರುಪಮಾ ಅದರಿಂದ ಒಂದು ಹಿಡಿ ಅಕ್ಕಿ ತೆಗೆದು ನೀರಿಗೆ ಹಾಕಿದಳು. ಮುಳುಗಬೇಕಾದ ಕಾಳುಗಳಲ್ಲಿ ಎಷ್ಟೋ ತೇಲಿದವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಬಿಳಿಯ ಮರಿ ಮುದುಡಿ ಮಲಗಿತ್ತು. ಹೆಣ್ಣುಹುಳ ಕಾಳು ಕೊರೆದು ಮೊಟ್ಟೆಯಿಟ್ಟು ತೂತು ಮುಚ್ಚುತ್ತದೆ. ಮರಿ ಒಳಗೇ ತಿಂದು ಬೆಳೆದು, ರೆಕ್ಕೆ ಬಂದ ಮೇಲೆ ಹೊರಬೀಳುತ್ತದೆ. ಒಳಗೆ ಇಷ್ಟು ಮರಿ ಇದ್ದು ಹೊರಗೆ ಹುಳ ಇಲ್ಲವೆಂದರೆ, ಹೊರಬಂದವನ್ನು ಯಾರೋ ತೆಗೆಯುತ್ತಿದ್ದಾರೆ.

ಹಿತ್ತಿಲಲ್ಲಿ ಒಣಹಾಕಿದ್ದ ಜಮಖಾನೆಯ ನೂಲಿನಲ್ಲಿ ಅಕ್ಕಿಯ ನುಚ್ಚು ಸಿಕ್ಕಿಕೊಂಡಿತ್ತು. ಹರಿಣಾಕ್ಷಿ ನಿರುಪಮಾಳ ಕಣ್ಣು ಹೋದ ಕಡೆ ನೋಡಿದಳು.

"ಯಾಕ ಹಿಂಗ ಮಾಡಿದ್ರಿ?" ನಿರುಪಮಾ ಕೇಳಿದಳು.

"ಬಿಸಿಲು ಬಂದಾಗ ಹರವಿ ಜರಡಿ ಹಿಡಿದೆ. ಚೀಲಕ್ಕೆ ಪೂರ್ತಿ ಹುಳ ಹಿಡಿದರೆ ನಿಮ್ಮ ಕೆಲಸ ಆಯ್ತಲ್ಲ. ಮತ್ತೆ ನೀವು ಇಲ್ಲಿಗೆ ಬರುದು ಯಾಕೆ?"

ನಿರುಪಮಾಗೆ ಸಿಟ್ಟು ಬಂದಿತ್ತು. ಅಷ್ಟು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಸಂಶೋಧನೆ ಎಂದರೆ ಮಕ್ಕಳಾಟವಲ್ಲ ಎಂದೂ, ಸರ್ಕಾರಕ್ಕೆ ತಾನೇನು ಉತ್ತರ ಕೊಡಲಿ ಎಂದೂ ಆಡಿಬಿಟ್ಟಳು. ಹರಿಣಾಕ್ಷಿ ಊಟಕ್ಕೆ ಎಲೆ ಹಾಕಿಸಿದಳು, ನಿರುಪಮಾ ಕೂರಲಿಲ್ಲ.

ನಾಸಿಕದ ಮಾದರಿಗಳು ನಂಬುವಂತಿಲ್ಲ ಎಂದು ಅವಳು ಮೇಲಧಿಕಾರಿ ಭುಜಂಗರಾಯರಿಗೆ ಹೇಳಿದಳು. ಕಾರಣ ಹೇಳಲಿಲ್ಲ, ಅವರೂ ಕೆದಕಲಿಲ್ಲ. ಪ್ರಯೋಗವನ್ನು ಔರಂಗಾಬಾದಿನ ಒಂದು ಉಗ್ರಾಣಕ್ಕೆ ಬದಲಿಸಿದರು. ಅಲ್ಲಿ ಎಲ್ಲ ಸರಿಯಾಗಿ ನಡೆಯಿತು. ಬಜೆಯ ವಾಸನೆ ಅನ್ನಕ್ಕೂ ಇಳಿಯುತ್ತದಾದ್ದರಿಂದ ಅದು ಬೀಜದ ಭತ್ತಕ್ಕೆ ಸರಿ, ಉಣ್ಣುವ ಅಕ್ಕಿಗೆ ಬೇಡ ಎಂದು ತೀರ್ಮಾನವಾಯಿತು. ಆ ವಿಷಯ ಯಾರಿಗಾದರೂ ಹೇಳಬೇಕೆನಿಸಿ ನಿರುಪಮಾ ಒಂದು ಸಂಜೆ ಖೋಲಿಯಲ್ಲಿ ಎದ್ದು ನಿಂತಳು. ಹೇಳಲು ಯಾರೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ, ಜರಡಿ ಭರಣಿ ಏನೂ ಇಲ್ಲದೆ ನಾಸಿಕದ ಬಸ್ಸು ಹತ್ತಿದಳು.

ಅವಳನ್ನು ಕಂಡದ್ದೇ ಹರಿಣಾಕ್ಷಿ ಗಡಿಬಿಡಿಯಲ್ಲಿ ಉಗ್ರಾಣದ ಕೀಲಿ ತಂದಳು.

"ಅಕ್ಕಿ ನೋಡಾಕ ಬಂದಿಲ್ಲರಿ," ನಿರುಪಮಾ ಅಂದಳು.

"ಹಾಗಾದ್ರೆ?"

"ಸುಮ್ಮನ ಬಂದೆ."

ಹರಿಣಾಕ್ಷಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಒಲೆಯ ಪಕ್ಕಕ್ಕೆ ಮಣೆ ಹಾಕಿದಳು. ಮಧ್ಯಾಹ್ನದ ಗಿರಾಕಿಗಳು, ಅಡಿಗೆಯವರ ಕೂಗು. ಅವಳು ಏಳುವಳು, ಬಂದು ಕೂರುವಳು. ಹುಳದ ನೆಪವಿಲ್ಲದೆ ಮಾತು ಎಲ್ಲಿಂದ ಶುರುಮಾಡಬೇಕು? ಕೊನೆಗೆ ನಿರುಪಮಾ ತಾಯಿಯ ಕಡೆಯ ದಿನಗಳ ಬಗ್ಗೆ ಹೇಳತೊಡಗಿದಳು. ಯಾರಿಗೂ ಹೇಳಿರಲಿಲ್ಲ. ಹರಿಣಾಕ್ಷಿ ಆಮೇಲೆ ಅಡಿಗೆಯವರ ಕೂಗಿಗೆ ಏಳಲಿಲ್ಲ.

ರಾತ್ರಿ ಹೊತ್ತಾದ ಮೇಲೆ ನಿರುಪಮಾ ಔರಂಗಾಬಾದಿಗೆ ಮರಳಿದಳು. ಮೆಟ್ಟಿಲ ಬಳಿ ಸಾವಿತ್ರಿಬಾಯಿ ಏನೋ ಕೇಳಿದಳು. ಉತ್ತರಿಸಹೋದರೆ ಅಷ್ಟು ಮಾತಾಡಿ ರೂಢಿಯಿಲ್ಲದ ಗಂಟಲು ಕಟ್ಟಿಹೋಗಿತ್ತು. ನೆಗಡಿಯೇ ಎಂದು ಆಕೆ ವಿಚಾರಿಸಿದಳು. ನಿರುಪಮಾ ಹೌದೆಂದು ತಲೆಯಾಡಿಸಿ ಮೇಲೆ ಹೋದಳು.