ಕಟ್ಟಿದವನೇ ಬಿಚ್ಚಬೇಕು

ಔಷಧಿ ಅಂಗಡಿಯವನ ಹೆಂಡತಿ ರಸ್ತೆ ಬದಿಗೆ ಗಾಡಿ ನಿಲ್ಲಿಸಿದಳು, ಎಂಜಿನ್ ಆರಿಸಿದಳು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಾಳೆಯಿಂದ ತಾನು ಬರುವುದಿಲ್ಲ ಎಂದಳು. ಮಂಡಿನೋವಂತೆ. ಕ್ಲಚ್ ಒತ್ತಿದರೆ ಜೀವ ಹೋದ ಹಾಗಾಗುತ್ತದಂತೆ. ಮಾತನಾಡುವಾಗ ಆಕೆ ಪಕ್ಕಕ್ಕೆ ತಿರುಗಲಿಲ್ಲ. ಇಷ್ಟು ದಿನ ಎಷ್ಟು ಬೈದರೂ ರಸ್ತೆಯ ಮೇಲೆ ನಿಲ್ಲದ ಆಕೆಯ ಕಣ್ಣು ಇಂದು ನಿಂತ ಗಾಡಿಯ ಮುಂದಿನ ಖಾಲಿ ರಸ್ತೆಯನ್ನೇ ನೆಟ್ಟು ನೋಡುತ್ತಿತ್ತು.

"ಮಂಡಿನೋವಿಗೆ ನಿಮ್ಮ ಅಂಗಡೀಲೇ ಮುಲಾಮು ಸಿಗುತ್ತಲ್ಲಮ್ಮ," ಎಂದಳು ಪಕ್ಕದಲ್ಲಿ ಕೂತಿದ್ದ ಬ್ರೇಕಮ್ಮ.

ಬ್ರೇಕಮ್ಮ ಎನ್ನುವುದು ಊರು ಇಟ್ಟ ಹೆಸರು. ಡ್ರೈವಿಂಗ್ ಶಾಲೆಯ ಗಾಡಿಯಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿ ಒತ್ತಿ ಆಕೆಯ ಬಲಗಾಲಿನ ಚಪ್ಪಲಿ ಎಡಗಾಲಿನದಕ್ಕಿಂತ ಬೇಗ ಸವೆಯುತ್ತಿತ್ತು. ಊರಿನ ಅರ್ಧಕ್ಕರ್ಧ ಹೆಂಗಸರು, ಗಂಡಂದಿರಿಗೆ ಹೇಳದೆ ಬಂದ ಕೆಲವರೂ ಸೇರಿ, ಆಕೆಯ ಕೈಯಲ್ಲೇ ಗಾಡಿ ಕಲಿತವರು. ಈಗ ಒಬ್ಬೊಬ್ಬರಾಗಿ ಬಿಡುತ್ತಿದ್ದರು. ಒಬ್ಬಳಿಗೆ ತಲೆಸುತ್ತು ಬಂತು. ಇನ್ನೊಬ್ಬಳು ಇನ್ನೂ ಕೊಳ್ಳದ ಕಾರನ್ನು ಮಾರಿಬಿಟ್ಟೆ ಎಂದಳು. ನಿಜ ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ನಿಜ ಗಾಡಿಯ ಬಾಗಿಲ ಮೇಲೇ ಇತ್ತು. ಯಾರೋ ಮೊಳೆಯಿಂದ ಬಣ್ಣ ಕೆರೆದು "ಅಳುಬುರುಕನ ಅಮ್ಮ" ಎಂದು ಬರೆದಿದ್ದರು. ಬಣ್ಣ ಹೊಡೆಸಿಬಿಡು ಎಂದು ಗ್ಯಾರೇಜಿನವನು ಹೇಳಿದ. ಬ್ರೇಕಮ್ಮ ಹೊಡೆಸಲಿಲ್ಲ. ಅದೇ ಗಾಡಿಯನ್ನು ದಿನಾ ಮುಖ್ಯರಸ್ತೆಯ ಈ ತುದಿಯಿಂದ ಆ ತುದಿಗೆ ಓಡಿಸಿದಳು. ಬರೆದವನಿಗೂ ಓದುವ ಸುಖ ಸಿಗಲಿ ಎಂದಳು.

ಆಕೆಯ ಮಗ ಕಾಲೇಜಿನ ಫುಟ್‌ಬಾಲ್ ತಂಡದ ಹೊಸ ಗೋಲ್‌ಕೀಪರ್. ಆಗಿದ್ದವನು, ಎನ್ನಬೇಕು. ಸೇರಿದ ವಾರದಲ್ಲೇ ಹುಡುಗರು ಅವನಿಗೆ "ಗೋಡೆ" ಎಂದು ಹೆಸರಿಟ್ಟಿದ್ದರು. ಆ ಹೆಸರನ್ನು ಅವನು ಮನೆಗೆ ತಂದು ಅಮ್ಮನಿಗೆ ತೋರಿಸಿದ್ದು ಬಹುಮಾನ ತೋರಿಸಿದ ಹಾಗೆ. ಆ ತಂಡ ಆಡುವ ದಿನ ಅಂಗಡಿಯವರು ಅರ್ಧ ಬಾಗಿಲು ಎಳೆದು ಮೈದಾನಕ್ಕೆ ಓಡುವಂಥ ಊರು ಅದು.

ತಂಡದಲ್ಲಿ ಒಂದು ಪದ್ಧತಿಯಿತ್ತು. ಹೊಸ ಗೋಲ್‌ಕೀಪರನನ್ನು ಗೋಲಿನ ಕಂಬಕ್ಕೆ ಒರಗಿಸಿ ನಿಲ್ಲಿಸಿ, ಕೈಗಳನ್ನು ಹಿಂದಕ್ಕೆಳೆದು ಬಲೆ ಬಿಗಿಯುವ ಹತ್ತಿಯ ಹಗ್ಗದಿಂದ ಕಟ್ಟುತ್ತಿದ್ದರು. ಹಿರಿಯರೆಲ್ಲ ಒಬ್ಬೊಬ್ಬರೂ ಒಂದೊಂದು ಸಲ ಅವನತ್ತ ಚೆಂಡು ಒದೆಯಬೇಕು. ಕಣ್ಣು ಮುಚ್ಚದೆ ನಿಂತರೆ ಅವನು ತಂಡದವನಾದ. ಕಟ್ಟುವವನು ಕ್ಯಾಪ್ಟನ್. ಕಟ್ಟಿದವನೇ ಬಿಚ್ಚಬೇಕು, ಬೇರೆಯವರು ಗಂಟು ಮುಟ್ಟಿದರೆ ಆ ವರ್ಷ ತಂಡ ಸೋಲುತ್ತದೆ ಎಂದು ಹಿಂದಿನವರು ಹೇಳಿಕೊಟ್ಟಿದ್ದರು. ಅವರಿಗೆ ಅವರ ಹಿಂದಿನವರು.

ಗೋಡೆ ಕಣ್ಣು ಮುಚ್ಚಲಿಲ್ಲ. ಕೊನೆಯ ಚೆಂಡು ಎದೆಗೆ ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವನೂ ನಕ್ಕ. ಕ್ಯಾಪ್ಟನ್ ಬಿಚ್ಚಲು ಬರುತ್ತಿದ್ದಾಗಲೇ ಅವನ ಫೋನ್ ಹೊಡೆದುಕೊಂಡಿತು. ದೊಡ್ಡ ತಂಡಕ್ಕೆ ಅವನ ಆಯ್ಕೆಯಾಗಿತ್ತು. ಖುಷಿಯಲ್ಲಿ ಅವನಿಗೆ ಭೂಮಿ ಕಾಣಲಿಲ್ಲ. ಕೋಚ್ ಬೈಕ್ ತಂದರು, ಹಿಂದೆ ಹತ್ತಿ ಹೊರಟೇಬಿಟ್ಟ. ಮೈದಾನದಲ್ಲಿ ಉಳಿದವರು ಕಾದರು. ಕೈ ಜೋಮು ಹಿಡಿಯಿತು ಎಂದ ಹುಡುಗ. ಮೊದಲು ನಕ್ಕರು, ಆಮೇಲೆ ನಗು ನಿಂತಿತು. ಫೋನ್ ಮಾಡಿದರು, ಕ್ಯಾಪ್ಟನ್ ಎತ್ತಲಿಲ್ಲ. ಹುಡುಗನ ತಲೆಗೆ ಒಬ್ಬ ಕೊಡೆ ಹಿಡಿದ. ಒಬ್ಬ ಮುಖ ಒರೆಸಿದ. ಮತ್ತೊಬ್ಬ, ಕೈ ಉರಿಯುತ್ತದೆ ಎಂದು ಹುಡುಗ ಗೋಗರೆದಾಗ, ಬಾಟಲಿ ತಂದು ಕಟ್ಟಿದ ಕೈಗಳ ಮೇಲೆ ನೀರು ಸುರಿದ. ಒಣ ಹತ್ತಿಯ ಹಗ್ಗ ನೀರು ಕುಡಿದು ಬಿಗಿಯಿತು. ಬಿಗಿದಷ್ಟೂ ಉರಿ, ಉರಿದಷ್ಟೂ ನೀರು. ಬಿಸಿಲು ಕಂಬದ ಈ ಪಕ್ಕದಿಂದ ಆ ಪಕ್ಕಕ್ಕೆ ಸರಿಯುವವರೆಗೂ ಇಡೀ ತಂಡ ಸುತ್ತ ನಿಂತು ಉಪಚಾರ ಮಾಡಿತು, ಗಂಟಿಗೆ ಮಾತ್ರ ಯಾರೂ ಕೈ ಹಾಕಲಿಲ್ಲ. ಕ್ಯಾಪ್ಟನ್ ಬಂದು ಬಿಚ್ಚಿದಾಗ ಬಲಗೈ ನೀಲಿಯಾಗಿತ್ತು. ನರ ಜಜ್ಜಿಹೋಗಿದೆ ಎಂದರು ಡಾಕ್ಟರು. ಬೆರಳುಗಳು ಅರ್ಧ ಮಡಿಚಿಕೊಂಡವು, ಹಾಗೇ ಉಳಿದವು.

ಚೆಂಡು ಒದ್ದವರನ್ನು ಬ್ರೇಕಮ್ಮ ಹೇಗಾದರೂ ಹೊಟ್ಟೆಗೆ ಹಾಕಿಕೊಂಡಾಳು. ಕೊಡೆ ಹಿಡಿದವರನ್ನು ನೆನೆದರೆ ಅವಳ ಮೈ ಉರಿಯುತ್ತಿತ್ತು.

ಮಗ ಕೇಸು ಹಾಕಿದ. ಕಾಲೇಜಿನ ಮೇಲೆ, ಕೋಚ್ ಮೇಲೆ, ಕ್ಯಾಪ್ಟನ್ ಮೇಲೆ. ಸುದ್ದಿ ಹೊರಬಿದ್ದದ್ದೇ ಆ ವರ್ಷ ತಂಡ ಎಲ್ಲೂ ಆಡಕೂಡದು ಎಂದು ಮೇಲಿನಿಂದ ಆದೇಶ ಬಂತು, ಕ್ಯಾಪ್ಟನನ ಆಯ್ಕೆ ರದ್ದಾಯಿತು. ಅಲ್ಲಿಂದ ಊರಿಗೆ ಅಮ್ಮ ಮಗ ಇಬ್ಬರೂ ಕಣ್ಣಲ್ಲಿ ಬಿದ್ದ ಕಸವಾದರು. ಮೈದಾನದಲ್ಲಿ ಅಷ್ಟು ಜನ ನಿಂತಿದ್ದರಲ್ಲ, ವಿಚಾರಣೆಯಲ್ಲಿ ಒಬ್ಬೊಬ್ಬನೂ ತಾನು ಅಂದು ಬೇಗ ಮನೆಗೆ ಹೋಗಿದ್ದೆ ಎಂದ. ಹುಡುಗ ತಾನೇ ಬಲೆಗೆ ಕೈ ಸಿಕ್ಕಿಸಿಕೊಂಡ ಎಂದು ಕಾಲೇಜು ಉತ್ತರ ಕೊಟ್ಟಿತು. ನೋಡಿದವನು ಒಬ್ಬನಾದರೂ ಬಾಯಿ ಬಿಡದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ವಕೀಲೆ ಮೊದಲೇ ಹೇಳಿಬಿಟ್ಟಳು. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಆಕೆಗೆ ಇರಲಿಲ್ಲ.

ರಾಜಿಯ ಮಾತು ತಂದವನು ಬ್ರೇಕಮ್ಮನ ಸ್ವಂತ ತಮ್ಮ. ಅವನೂ ಒಂದು ಕಾಲಕ್ಕೆ ಅದೇ ತಂಡದ ಗೋಲ್‌ಕೀಪರ್. ಈಗ ಹೊಟ್ಟೆ ಬಂದಿದೆ, ಫ್ಯಾನು ಬಲ್ಬು ಮಾರುತ್ತಾನೆ, ಆದರೂ ನಡೆಯುವಾಗ ಎರಡೂ ಕೈ ಚೆಂಡಿಗೆ ಕಾದ ಹಾಗೇ ಇರುತ್ತವೆ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಅವನು ಬಹಳ ಹೊತ್ತು ಮಾತನಾಡಿದ. ಪ್ರಿನ್ಸಿಪಾಲರು ಕರೆದಿದ್ದಾರೆ, ಚಿಕಿತ್ಸೆಯ ಖರ್ಚೆಲ್ಲ ಕಾಲೇಜಿನದು, ಹುಡುಗನನ್ನು ತಂಡದ ಸಹಾಯಕ ಮ್ಯಾನೇಜರ್ ಮಾಡುತ್ತಾರೆ, ಕೇಸು ವಾಪಸು ತಗೊಂಡರೆ ಸಾಕು. ತನ್ನನ್ನೂ ಕಟ್ಟಿದ್ದರು, ತಾನೇನು ಸತ್ತೆನೇ ಎಂದೂ ಕೇಳಿದ.

"ನಿನ್ನ ಬೆರಳು ನೆಟ್ಟಗಿವೆ. ಅದಕ್ಕೇ ನಿಂಗೆ ಅದು ಕಥೆ," ಎಂದಳು ಅಕ್ಕ.

"ಕಾದಾಡೋದು ನಿಂಗೆ ಇಷ್ಟ, ಅಕ್ಕಾ. ಮೊದಲಿಂದಲೂ ಅಷ್ಟೇ. ಅವನ ಗೆಳೆಯರೆಲ್ಲ ಹೋದ್ರು, ಕಾಲೇಜಲ್ಲಿ ಒಬ್ಬನೇ ಊಟ ಮಾಡ್ತಾನಂತೆ. ಅವನನ್ನ ಒಂದ್ಸಲ ಕೇಳಿದ್ದೀಯಾ?"

ಈ ಮಾತು ಅವಳಿಗೆ ಸರಿಯಾಗಿಯೇ ನಾಟಿತು. ಕೇಸಿನ ಕಾಗದಕ್ಕೆ ಸಹಿ ಹಾಕುವಾಗ ಮಗ ತನ್ನ ಮುಖವನ್ನೇ ನೋಡಿದ್ದು ನೆನಪಿಗೆ ಬಂತು. ತನಗೆ ಬೇಕಾದ ದಾರಿಗೆ ತಾನೇ ಸ್ಟಿಯರಿಂಗ್ ತಿರುಗಿಸಿ, ಓಡಿಸುತ್ತಿರುವವನು ಅವನು ಎಂದುಕೊಂಡೆನೇ ಎಂದು ಭಯವಾಯಿತು. ತಮ್ಮ ಹೋದ ಮೇಲೆ ಅವಳು ಮಗನ ಕೋಣೆಗೆ ಹೋದಳು. ಅವನು ಮಡಿಚಿದ ಬೆರಳುಗಳ ನಡುವೆ ಒದ್ದೆ ಸ್ಪಂಜು ಇಟ್ಟುಕೊಂಡು ಹಿಂಡಲು ನೋಡುತ್ತಿದ್ದ. ನಾಳೆ ಅವರು ಕರೆದಲ್ಲಿಗೆ ಹೋಗೋಣ, ತಾನು ತುಟಿ ಬಿಚ್ಚುವುದಿಲ್ಲ, ರಾಜಿಯಾಗು ಅಂದರೂ ಸರಿ, ಬೇಡ ಅಂದರೂ ಸರಿ ಎಂದಳು.

"ನೀನು ತುಟಿ ಬಿಚ್ಚಲ್ವಾ?" ಎಂದ ಮಗ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ನಗು ಕಂಡಿತು. ಮತ್ತೆ ಸ್ಪಂಜು ಹಿಂಡಲು ನೋಡಿದ.

ಪ್ರಿನ್ಸಿಪಾಲರ ಕೋಣೆಯಲ್ಲಿ ಗಾಜಿನ ಕಪಾಟಿನ ತುಂಬ ತಂಡ ಗೆದ್ದ ಕಪ್ಪುಗಳು. ಮೇಜಿನ ಆಚೆ ಪ್ರಿನ್ಸಿಪಾಲರು, ಕೋಚ್, ಕ್ಯಾಪ್ಟನ್. ಕ್ಯಾಪ್ಟನ್ ಸೊರಗಿಹೋಗಿದ್ದ, ಗಡ್ಡ ಬಿಟ್ಟಿದ್ದ. ಅವನನ್ನು ಕಂಡು ಸಿಟ್ಟು ಬರುತ್ತದೆ ಎಂದುಕೊಂಡಿದ್ದ ಬ್ರೇಕಮ್ಮನಿಗೆ, ಇವನ ತಾಯಿ ಮನೆಯಲ್ಲಿ ಏನು ಮಾಡುತ್ತಿರಬಹುದು ಎಂಬ ಯೋಚನೆ ಬಂತು. ಅದಕ್ಕಾಗಿ ತನ್ನ ಮೇಲೆಯೇ ಸಿಟ್ಟು ಬಂತು. ಪ್ರಿನ್ಸಿಪಾಲರು ಬೆಣ್ಣೆಯಂತೆ ಮಾತನಾಡಿದರು. ನಾವೆಲ್ಲ ಒಂದೇ ಮನೆಯವರು, ಮನೆಯ ಮಾತು ಬೀದಿಗೆ ಬರಬಾರದಿತ್ತು, ಬಂದದ್ದಾಯಿತು, ಇನ್ನು ಮುಂದಿನದು ನೋಡೋಣ ಎಂದರು. ಒಬ್ಬ ಹುಡುಗನ ಸಹಿಗೆ ಇಷ್ಟು ಹುಡುಗರ ಭವಿಷ್ಯ ಕಾದಿದೆ ಎಂದರು ಕೋಚ್. ಬ್ರೇಕಮ್ಮನ ಬಾಯಿಗೆ ಬೀಗ ಬಿದ್ದಿತ್ತು, ಬಲಗಾಲು ಮಾತ್ರ ಮೇಜಿನ ಕೆಳಗೆ ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಕಾಗದವನ್ನು ಮಗನ ಮುಂದೆ ಸರಿಸಿದರು. ಅವನು ಪೂರ್ತಿ ಓದಿದ. ಇನ್ನೊಮ್ಮೆ ಓದಿದ.

"ಸರ್, ಇದರಲ್ಲಿ ಹಗ್ಗ ಎಲ್ಲಿದೆ?"

ಆಟದ ವೇಳೆ ಆದ ಆಕಸ್ಮಿಕ ಎಂದು ಬರೆದಿದೆಯಲ್ಲ, ಅದರಲ್ಲಿ ಎಲ್ಲವೂ ಬಂತು ಎಂದರು ಪ್ರಿನ್ಸಿಪಾಲರು. ಹಗ್ಗದ ಮಾತು ಬರೆದರೆ ಸುಮ್ಮನೆ ಎಲ್ಲರಿಗೂ ನೋವು ಎಂದರು. ಕ್ಯಾಪ್ಟನ್ ತಲೆಯೆತ್ತಿ, ಸಹಿ ಹಾಕಿಬಿಡು, ಗೋಡೆ, ಎಲ್ಲ ಮೊದಲಿನ ಹಾಗೇ ಆಗುತ್ತೆ ಎಂದು ಬೇಡುವ ದನಿಯಲ್ಲಿ ಹೇಳಿದ.

ಮಗ ಕಾಗದವನ್ನು ಪಕ್ಕಕ್ಕಿಟ್ಟು, ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲೆ, ಕ್ಯಾಪ್ಟನನ ಮುಂದೆ ಇಟ್ಟ.

"ಕಟ್ಟಿದವನೇ ಬಿಚ್ಚಬೇಕಲ್ವಾ? ಬಿಚ್ಚು. ಬಿಚ್ಚಿದ್ರೆ ಸಹಿ ಹಾಕ್ತೀನಿ."

ಇದೆಲ್ಲ ಯಾಕೆ ಎಂದು ಕೋಚ್ ಶುರುಮಾಡಿ ಅರ್ಧಕ್ಕೇ ಬಿಟ್ಟರು. ಕ್ಯಾಪ್ಟನ್ ಆ ಕೈಯನ್ನು ನೋಡುತ್ತ ಕೂತ. ಆಮೇಲೆ, ಮಾಡಬೇಡ ಎಂದು ಪ್ರಿನ್ಸಿಪಾಲರು ಸನ್ನೆ ಮಾಡುತ್ತಿದ್ದರೂ, ತನ್ನ ಎರಡೂ ಕೈ ಚಾಚಿ ಒಂದೊಂದೇ ಬೆರಳನ್ನು ಮೆಲ್ಲಗೆ ನೆಟ್ಟಗೆ ಮಾಡಿದ. ಅಂಗೈಯನ್ನು ಮೇಜಿಗೆ ಅಗಲವಾಗಿ ಹರಡಿ, ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದ. ಕೈ ತೆಗೆದದ್ದೇ ಬೆರಳುಗಳು ಒಂದರ ಹಿಂದೆ ಒಂದು ಮಡಿಚಿಕೊಂಡವು. ಅವನು ಮತ್ತೆ ಬಿಡಿಸಿದ. ಅವು ಮತ್ತೆ ಮಡಿಚಿದವು. ಮೂರನೆಯ ಸಲ ಅವನ ಕೈ ಅರ್ಧದಲ್ಲೇ ನಿಂತಿತು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿದ.

"ಕೋರ್ಟಲ್ಲಿ ಸಿಗೋಣ, ಸರ್," ಎಂದು ಮಗ ಎದ್ದ.

ತನ್ನದು ಎಂದು ತಿಳಿದಿದ್ದ ಹಟ ಅವನದೇ ಆಗಿತ್ತು, ತನ್ನದಕ್ಕಿಂತ ಗಟ್ಟಿಯಾಗಿತ್ತು. ಬ್ರೇಕಮ್ಮನಿಗೆ ಅಲ್ಲೇ ಮಗನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಅದನ್ನು ಹಲ್ಲು ಕಚ್ಚಿ ತಡೆದು, ಕುರ್ಚಿಯನ್ನು ಬೇಕೆಂದೇ ಸದ್ದು ಮಾಡಿ ಹಿಂದಕ್ಕೆ ಸರಿಸಿ ಹೊರಬಂದಳು.

ಹೊರಗೆ ಪಡಸಾಲೆಯ ಉದ್ದಕ್ಕೂ ತಂಡದ ಹುಡುಗರು ನಿಂತಿದ್ದರು. ಸಹಿಯಾಯಿತೆಂಬ ಸುದ್ದಿಗೆ ಕಾದವರು ಇವರ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಯಾರೋ "ಅಳುಬುರುಕ" ಎಂದರು, ಯಾರೋ ಉಗುಳಿದ ಹಾಗೆ ಸದ್ದು ಮಾಡಿದರು. ಬ್ರೇಕಮ್ಮ ನಡಿಗೆಯನ್ನು ನಿಧಾನ ಮಾಡಿದಳು. ನೋಡುವವರು ಚೆನ್ನಾಗಿ ನೋಡಲಿ ಎಂಬಂತೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ನಡೆದಳು. ಗಾಡಿಯ ಹತ್ತಿರ ಹೋಗಿ ಬೀಗ ತೆಗೆಯುವಾಗ ಹಿಂದೆ ಯಾರೋ ಬಂದ ಸದ್ದಾಯಿತು. ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದೇ ತಿರುಗಿದಳು.

ಎಡಗಾಲಲ್ಲಿ ಚೆಂಡು ಒದೆಯುವ ಸಣಕಲ ಹುಡುಗ, ತಂಡದಲ್ಲಿ ಎಲ್ಲರೂ "ಎಡಗಾಲ" ಎಂದು ಕರೆಯುತ್ತಿದ್ದವನು. ಮೊದಲೆಲ್ಲ ಮನೆಗೂ ಬರುತ್ತಿದ್ದ. ಅವನ ಹಿಂದೆ ಇಡೀ ತಂಡ ಮೆಟ್ಟಿಲ ಮೇಲೆ ನಿಂತು ನೋಡುತ್ತಿತ್ತು. ವಾಪಸು ಬಾರೋ ಎಂದು ಯಾರೋ ಕೂಗಿದರು. ಅವನು ತಿರುಗಲಿಲ್ಲ.

"ಆಂಟಿ, ನೀರು ಹಾಕಿದ್ದು ನಾನು," ಎಂದ. "ಬಿಗಿಯುತ್ತೆ ಅಂತ ಗೊತ್ತಿರಲಿಲ್ಲ. ನಾನು ಅಲ್ಲೇ ಇದ್ದೆ, ಕೊನೇವರೆಗೂ ಇದ್ದೆ. ಎಲ್ಲಿ ಬಂದು ಹೇಳಬೇಕು, ಹೇಳಿ."

ಅವನ ಕೆನ್ನೆಗೆ ಎರಡು ಬಿಗಿಯಬೇಕು ಎಂದು ಬ್ರೇಕಮ್ಮನ ಕೈ ತುರಿಸಿತು. ಇಷ್ಟು ದಿನ ಎಲ್ಲಿದ್ದೆ ಎಂದು ಕೇಳಬೇಕೆನ್ನಿಸಿತು. ಅವಳು ಮಗನ ಕಡೆ ನೋಡಿದಳು. ಮಗ ಎಡಗೈಯಿಂದ ಹಿಂದಿನ ಬಾಗಿಲು ತೆರೆದ.

"ಬೆಲ್ಟ್ ಹಾಕ್ಕೋ," ಎಂದಳು ಬ್ರೇಕಮ್ಮ. "ವಕೀಲರ ಆಫೀಸು ದೂರ ಇದೆ."

ಕಿಟಕಿಗಳನ್ನೆಲ್ಲ ಇಳಿಸಿ, ಅವಳು ಗಾಡಿಯನ್ನು ಮೆಟ್ಟಿಲ ಮುಂದಿನಿಂದಲೇ, ಮೊದಲ ದಿನದ ಶಿಷ್ಯೆಯ ವೇಗದಲ್ಲಿ ಓಡಿಸಿಕೊಂಡು ಹೋದಳು. ಗೇಟು ದಾಟಿದ ಮೇಲೆ ಹಿಂದಿನ ಸೀಟಿನಿಂದ ಬಿಕ್ಕಿ ಅಳುವ ಸದ್ದು ಕೇಳಿಸತೊಡಗಿತು. ಅವಳು ತಲೆಯ ಮೇಲಿನ ಕನ್ನಡಿಗೆ ಕಣ್ಣು ಹಾಕಿದಳು. ಹುಡುಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ. ಅವಳು ನೋಟ ತೆಗೆಯಲಿಲ್ಲ. ಅಷ್ಟರಲ್ಲಿ ಮಗ ಪಕ್ಕದ ಸೀಟಿನಿಂದ ಎಡಗೈ ಚಾಚಿ, ಆ ಕನ್ನಡಿಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿಬಿಟ್ಟ. ಈಗ ಅದರಲ್ಲಿ ಗಾಡಿಯ ಒಳಚಾವಣಿಯ ಬಟ್ಟೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಶಿಷ್ಯರು ಯಾರಾದರೂ ಹೀಗೆ ಮಾಡಿದ್ದರೆ ಅವಳು ಆ ಕ್ಷಣವೇ ಗಾಡಿಯಿಂದ ಇಳಿಸುತ್ತಿದ್ದಳು. ಕನ್ನಡಿಯನ್ನು ಹಾಗೇ ಬಿಟ್ಟು, ಗೇರ್ ಬದಲಿಸಿ, ಅವಳು ಮುಖ್ಯರಸ್ತೆಗೆ ತಿರುಗಿದಳು.