ಡ್ಯೂಕನ ಬಿಳಿ ಕಾಲು

ನೆರೆಹೊಲದ ನಾರ್ಮನ್ ಮೆಟ್‌ಕಾಫ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದನ್ನು ನೋಡಿದೊಡನೆಯೇ ಟ್ಯಾಬಿತಾಗೆ ವಿಷಯ ತಿಳಿದುಹೋಯಿತು. ಚರ್ಚಿನೊಳಗೆ ಬಿಟ್ಟರೆ ಅವನು ಬೇರೆಲ್ಲೂ ಟೊಪ್ಪಿ ತೆಗೆದವನಲ್ಲ. ಊಟದ ಮೇಜಿನ ಮುಂದೆಯೂ ಅದು ತಲೆಯ ಮೇಲೇ ಇರುತ್ತಿತ್ತು. ಟ್ಯಾಬಿತಾ ಒಲೆಯ ಮುಂದೆ ಕಿತ್ತಳೆ ಮಾರ್ಮಲೇಡ್ ಕಲಕುತ್ತಿದ್ದಳು. ಸೌಟು ಕೈಯಲ್ಲೇ ನಿಂತಿತು.

"ಏಮೋಸಾ?" ಎಂದಳು.

"ಹೂಂ ಕಣಮ್ಮಾ. ಮೇಲಿನ ಹೊಲದ ಗೋಡೆ ಹತ್ರ. ಕಲ್ಲು ಕುಸಿದಿದ್ದ ಕಡೆ ಕಟ್ತಾ ಇದ್ದ ಅಂತ ಕಾಣುತ್ತೆ. ಗೋಡೆಗೆ ಒರಗಿ ಕೂತಿದ್ದ, ನಾಯಿ ಪಕ್ಕದಲ್ಲೇ ಮಲಗಿತ್ತು. ಕೆಲಸ ಬಿಟ್ಟು ಬಿಸಿಲು ಕಾಯಿಸ್ತಾ ಕೂತಿದೀಯಲ್ಲೋ ಮುದುಕ ಅಂತ ಬೈದೆ ನಾನು. ಆಮೇಲೆ ಗೊತ್ತಾಯ್ತು."

"ಗೋಡೆ ಮುಗಿಸಿದ್ನಾ?"

"ಮೇಲಿನ ಸಾಲು ಮಾತ್ರ ಬಾಕಿ. ನಾನು ಕೂರಿಸ್ತೀನಿ ಬಿಡು."

ಟ್ಯಾಬಿತಾ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಮಾರ್ಮಲೇಡ್ ಇನ್ನೂ ಪಾಕಕ್ಕೆ ಬಂದಿರಲಿಲ್ಲ. ಆಮೇಲೆ ಅದು ಗಟ್ಟಿಯಾಗಲೇ ಇಲ್ಲ, ಆದರೂ ಅವಳು ಚೆಲ್ಲಲಿಲ್ಲ. ಅಣ್ಣ ಏಮೋಸನಿಗೆ ಎಂಬತ್ತನಾಲ್ಕು ತುಂಬಿತ್ತು. ಮದುವೆಯಾಗದ ಅಣ್ಣ, ಗಂಡನನ್ನು ಕಳೆದುಕೊಂಡ ತಂಗಿ. ಅಂಟಿಕೊಂಡ ಎರಡು ಮನೆಗಳಲ್ಲಿ, ಒಂದೇ ಗೋಡೆಯ ಆ ಕಡೆ ಈ ಕಡೆ ಬಹಳ ಕಾಲ ಬದುಕಿದ್ದರು. ದೇವರು ಒಳ್ಳೆಯ ಮರಣವನ್ನೇ ಕೊಟ್ಟನೆಂದು ಅವಳು ಮನಸ್ಸಿನಲ್ಲಿ ಹೇಳಿಕೊಂಡಳು.

ಅಂದು ಸಂಜೆ ಅವಳು ದಿನದಂತೆ ಮಂಚದ ಪಕ್ಕದಲ್ಲಿ ಮೊಣಕಾಲೂರಿದಳು. ಎದುರಿಗೆ ಗೋಡೆಯ ಮೇಲೆ ಅವ್ವನ ಕಾಲದ ಫೋಟೋ ಇತ್ತು. ಬಲವಾದ ಒಂದು ಉಳುವ ಕುದುರೆ ನೇರ ಮುಂದಕ್ಕೆ ನೋಡುತ್ತ ನಿಂತಿದೆ. ಅದರ ಎರಡೂ ಪಕ್ಕ ಇಬ್ಬರು ಹುಡುಗರು, ಒಬ್ಬೊಬ್ಬರದೂ ಒಂದೊಂದು ಕೈ ಲಗಾಮಿನ ಮೇಲೆ. ಅವಳಿ ಮಕ್ಕಳು, ಏಮೋಸ್ ಮತ್ತು ಸೈಲಸ್. ಒಂದೇ ಎತ್ತರ, ಒಂದೇ ಬಗೆಯ ಟೊಪ್ಪಿ, ಟೊಪ್ಪಿಯ ನೆರಳು ಕಣ್ಣಿನವರೆಗೆ. ಶಾಲೆಯ ಮೇಷ್ಟ್ರು ಗಾಜಿನ ಹಲಗೆಯ ಮೇಲೆ ಚಿತ್ರ ಮೂಡಿಸುವ ತಮ್ಮ ಹಳೆಯ ಕ್ಯಾಮೆರಾದಲ್ಲಿ ಹುಲ್ಲು ಕುಯ್ಲಿನ ಕಾಲಕ್ಕೆ ತೆಗೆದ ಚಿತ್ರ. ಅದೇ ಚಳಿಗಾಲದಲ್ಲಿ, ಲ್ಯಾಂಬ್‌ಗಿಲ್ ಊರೇ ಹಿಮದಲ್ಲಿ ಹೂತುಹೋದ ವರ್ಷ, ಕುರಿಗಳನ್ನು ಹುಡುಕಿ ಹೋದ ಸೈಲಸ್ ಹಿಂತಿರುಗಲಿಲ್ಲ. ಹಿಮ ಕರಗಿದ ಮೇಲೆ ಸಿಕ್ಕಿದ.

ಮೇಷ್ಟ್ರು ಚಿತ್ರವನ್ನು ಕಾಗದಕ್ಕಿಳಿಸಿ ತಂದುಕೊಟ್ಟದ್ದು ಮಣ್ಣು ಮಾಡಿ ಬಂದ ವಾರದಲ್ಲಿ. ಅವ್ವನ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. "ಇದರಲ್ಲಿ ನನ್ನ ಸೈಲಸ್ ಯಾರಪ್ಪಾ?" ಎಂದು ಏಮೋಸನನ್ನು ಕೇಳಿದ್ದಳು. ಅವನು ಹತ್ತೊಂಬತ್ತರ ಹುಡುಗ. ಆ ದಿನ ಯಾರು ಎಲ್ಲಿ ನಿಂತಿದ್ದೆವೆಂದು ನೆನಪು ಮಾಡಿಕೊಂಡು, "ಎಡಗಡೆ ಇರೋನು ಅವ್ವಾ" ಎಂದಿದ್ದ. ಅಂದಿನಿಂದ ಅವ್ವ ಸಾಯುವವರೆಗೂ ಮಲಗುವ ಮುಂಚೆ ಎಡಗಡೆಯ ಮುಖಕ್ಕೆ ಹೆಬ್ಬೆರಳು ಮುಟ್ಟಿಸಿ ಮುತ್ತಿಡುತ್ತಿದ್ದಳು. ಆಮೇಲೆ ಟ್ಯಾಬಿತಾ ಮುಟ್ಟಿದಳು. ಚೌಕಟ್ಟಿಗೆ ಗಾಜು ಹಾಕಿಸಲು ಅವ್ವ ಒಪ್ಪಿರಲಿಲ್ಲವಾದ್ದರಿಂದ ಆ ಮುಖ ಸವೆದು ಬೂದಿಯ ಮಚ್ಚೆಯಂತಾಗಿತ್ತು. ಬಲಗಡೆಯ ಮುಖ ಮಾತ್ರ ಹೊಸದರಂತೆ ಉಳಿದಿತ್ತು.

ಪ್ರಾರ್ಥನೆಯ ಮಾತೂ ಒಂದೇ. ಎಡಗಡೆ ಮುಟ್ಟಿ, "ಕರ್ತನೇ, ಸೈಲಸನಿಗೆ ಶಾಂತಿ ಕೊಡು." ಬಲಗಡೆ ಮುಟ್ಟದೆ, "ಏಮೋಸನನ್ನು ಕಾಪಾಡು." ಅಂದು ಎರಡನೆಯ ಮಾತು ಅರ್ಧಕ್ಕೇ ನಿಂತಿತು.

ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಹಂಚುವ ಹಾಳೆಯ ಮೇಲೆ ತೀರಿಕೊಂಡವರ ಚಿತ್ರ ಹಾಕುವುದು ಊರಿನ ರೂಢಿ. ಯಾವ ಚಿತ್ರವೆಂದು ಪಾದ್ರಿಗಳು ಕೇಳಿಕಳಿಸಿದಾಗ ಟ್ಯಾಬಿತಾಗೆ ಯೋಚನೆಯೇ ಬೇಕಾಗಲಿಲ್ಲ. ಬಲಗಡೆಯ ಹುಡುಗ. ಅದನ್ನು ದೊಡ್ಡದು ಮಾಡಿಸಬೇಕೆಂದು ಅವಳಿಗೆ ಎಷ್ಟೋ ವರ್ಷದಿಂದ ಆಸೆ. ಏಮೋಸ್ ಮಾತ್ರ ಯಾವಾಗಲೂ, "ಅದರ ತಂಟೆಗೆ ಹೋಗ್ಬೇಡ, ಇರೋ ಹಾಗೆ ಇರ್ಲಿ" ಎನ್ನುತ್ತಿದ್ದ.

ಊರಿನ ಸಭಾಮಂದಿರದ ಹಿಂದಿನ ಕೋಣೆಯಲ್ಲಿ ಫಿಲಿಪ್ಪಾ ಗ್ರೀವ್ಸ್ ಕೂತಿರುತ್ತಿದ್ದಳು. ಲೀಡ್ಸಿನಿಂದ ಬಂದು ಇಲ್ಲಿ ನೆಲೆಸಿ ಇಪ್ಪತ್ತು ವರ್ಷಗಳ ಮೇಲಾಗಿದ್ದರೂ ಊರಿಗೆ ಅವಳು ಇನ್ನೂ ಹೊಸಬಳು. ಊರಿನ ಹಳೆಯ ಫೋಟೋಗಳನ್ನೆಲ್ಲ ಮನೆಮನೆಯಿಂದ ಬೇಡಿ ತಂದು, ಒಂದೊಂದರ ಕೆಳಗೂ ಹೆಸರು ಬರೆಸಿ, ಮಂದಿರದ ಗೋಡೆಗೆ ಹಾಕಿದವಳು ಅವಳೇ. ವರ್ಷಕ್ಕೊಮ್ಮೆ ಅದನ್ನು ನೋಡಲು ಊರೆಲ್ಲ ಸೇರುತ್ತಿತ್ತು. ಚಹಾ ಕುಡಿಯುತ್ತ, ಕೇಕು ತಿನ್ನುತ್ತ, ಇದು ಯಾರಜ್ಜ ಅದು ಯಾರತ್ತೆ ಎಂದು ಜಗಳವಾಡುವುದರಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು.

ಅವಳಿ ಹುಡುಗರ ಚಿತ್ರದ ನಕಲೂ ಅಲ್ಲಿತ್ತು. ಕೆಳಗೆ "ಸೈಲಸ್, ಡ್ಯೂಕ್, ಏಮೋಸ್" ಎಂದು ಬರೆದಿತ್ತು. ಹುಡುಗರ ಬಗ್ಗೆ ಯಾರೂ ತಕರಾರು ತೆಗೆದಿರಲಿಲ್ಲ. ಪ್ರತಿವರ್ಷ ತಪ್ಪದೆ ನಡೆಯುತ್ತಿದ್ದ ಜಗಳ ಕುದುರೆಯದು.

"ಇದು ಡ್ಯೂಕ್ ಅಲ್ಲ" ಎಂದು ನಾರ್ಮನ್ ಹಟ ಹಿಡಿಯುತ್ತಿದ್ದ. "ಡ್ಯೂಕನಿಗೆ ಮುಂದಿನ ಎಡಗಾಲು ಬಿಳಿ. ಇದಕ್ಕೆ ಬಲಗಾಲು ಬಿಳಿ. ಚಿಕ್ಕೋನಿದ್ದಾಗ ಅದೇ ಕಾಲಲ್ಲಿ ತುಳಿಸ್ಕೊಂಡಿದೀನಿ ನಾನು. ನನ್ನ ಪಾದ ಸುಳ್ಳು ಹೇಳುತ್ತಾ?"

"ನಿನ್ನ ಪಾದಕ್ಕೆ ಎಡ ಬಲ ಗೊತ್ತಿದ್ರೆ ನೀನು ಡ್ಯಾನ್ಸ್‌ನಲ್ಲಿ ಎಲ್ಲರ ಕಾಲು ತುಳೀತಿರ್ಲಿಲ್ಲ" ಎಂದು ಯಾರಾದರೂ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಏಮೋಸ್ ಬಾಗಿಲ ಬಳಿ ನಿಂತು ಚಹಾ ಊದಿಕೊಳ್ಳುತ್ತ, "ಡ್ಯೂಕೇ ಕಣೋ. ಬಿಟ್ಬಿಡು ನಾರ್ಮನ್" ಎನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಏನೂ ಹೇಳುತ್ತಿರಲಿಲ್ಲ.

ಟ್ಯಾಬಿತಾ ಒಳಗೆ ಬಂದಾಗ ಫಿಲಿಪ್ಪಾ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕೂರಿಸಿ ಚಹಾ ಮಾಡಿಕೊಟ್ಟಳು.

"ನೀವು ಆ ಚಿತ್ರಾನೇ ಕೇಳ್ತೀರ ಅಂತ ನಂಗೆ ಗೊತ್ತಿತ್ತು. ಒಂದು ವಿಶೇಷ ಇದೆ ಗೊತ್ತಾ? ಮೇಷ್ಟ್ರ ಮೊಮ್ಮಗಳು ಹೋದ ತಿಂಗಳು ಅವರ ಗಾಜುಗಳನ್ನೆಲ್ಲ ಪೆಟ್ಟಿಗೆ ಸಮೇತ ಕೊಟ್ಟು ಹೋದ್ಲು. ನಿಮ್ಮ ಅಣ್ಣಂದಿರ ಗಾಜೂ ಇದೆ ಅದರಲ್ಲಿ." ಅವಳು ಕಂಪ್ಯೂಟರನ್ನು ಇವಳ ಕಡೆ ತಿರುಗಿಸಿದಳು. "ಗಾಜಿಗೆ ಒಂದು ಕಡೆ ಮಾತ್ರ ಚಿತ್ರ ಮೂಡೋ ಮದ್ದು ಹಚ್ಚಿರುತ್ತೆ. ಆ ಕಡೆ ಕಾಗದಕ್ಕೆ ತಾಗಬೇಕು. ಪಾಪ, ಮೇಷ್ಟ್ರು ಅವಸರದಲ್ಲಿ ಗಾಜನ್ನ ಮಗುಚಿ ಇಟ್ಟು ಅಚ್ಚು ತೆಗೆದುಬಿಟ್ಟಿದಾರೆ. ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಆಗಿದೆ. ನೋಡಿ, ಸರಿಯಾಗಿ ತಿರುಗಿಸಿದ್ರೆ ಬಿಳಿ ಕಾಲು ಯಾವ ಕಡೆ ಬಂತು? ನಾರ್ಮನ್ ಹೇಳಿದ್ದೇ ಸರಿ. ಡ್ಯೂಕೇ ಅಂತ ಏಮೋಸ್ ಅಂದಿದ್ದೂ ಸರಿ. ಇಬ್ಬರೂ ಗೆದ್ರು."

ಅವಳು ನಗುತ್ತಿದ್ದಳು. ಟ್ಯಾಬಿತಾ ಕುದುರೆಯನ್ನು ನೋಡಲಿಲ್ಲ. ಕುದುರೆಯ ಜೊತೆಗೆ ಹುಡುಗರೂ ಜಾಗ ಬದಲಿಸಿದ್ದರು. ಸೈಲಸ್ ಎಡಗಡೆ ನಿಂತಿದ್ದನೆಂದು ಏಮೋಸ್ ಹೇಳಿದ ಮಾತು ನಿಜ. ಆದರೆ ಮಗುಚಿದ ಆ ಕಾಗದದಲ್ಲಿ ಎಡಗಡೆಗೆ ಬಂದು ನಿಂತವನು ಏಮೋಸ್.

"ಮುಖ ಮಾತ್ರ ಕತ್ತರಿಸಿ ದೊಡ್ಡದು ಮಾಡ್ಲಾ? ಯಾವ ಕಡೆಯೋರು ಅಂತ ತೋರಿಸಿ, ಸಾಕು" ಎಂದಳು ಫಿಲಿಪ್ಪಾ.

"ನಾಳೆ ಹೇಳ್ತೀನಿ ತಾಯಿ."

"ನಾಳೆ ಮಧ್ಯಾಹ್ನದೊಳಗೆ ಅಚ್ಚಿಗೆ ಹೋಗ್ಬೇಕು."

"ಬೆಳಿಗ್ಗೇನೇ ಬರ್ತೀನಿ."

ಮನೆಗೆ ಬಂದು ಕೋಟನ್ನೂ ಬಿಚ್ಚದೆ ಅವಳು ಅವ್ವನ ಫೋಟೋವನ್ನು ಗೋಡೆಯಿಂದ ಇಳಿಸಿದಳು. ಹಜಾರದ ಕನ್ನಡಿಯ ಮುಂದೆ, ಚಿತ್ರ ಕನ್ನಡಿಗೆ ಎದುರಾಗುವಂತೆ ಎದೆಗೆ ಒತ್ತಿ ಹಿಡಿದುಕೊಂಡಳು. ಕನ್ನಡಿಯೊಳಗೆ ಎಲ್ಲವೂ ತನ್ನ ತನ್ನ ಜಾಗಕ್ಕೆ ಬಂದಿತ್ತು. ಬಿಳಿ ಕಾಲು ಡ್ಯೂಕನ ಎಡಗಾಲಾಗಿತ್ತು. ಎಡಗಡೆಯ ಹುಡುಗನ ಮುಖ, ಯಾರೂ ಮುಟ್ಟದ ಮುಖ, ಸ್ವಚ್ಛವಾಗಿ ಕಾಣುತ್ತಿತ್ತು. ತುಟಿಯ ಒಂದು ಮೂಲೆ ಮೇಲಕ್ಕೆ ಎಳೆದುಕೊಂಡಿತ್ತು. ಹಾಗೆ ನಗುತ್ತಿದ್ದವನು ಸೈಲಸ್. ಅವನು ಹೋದಾಗ ಅವಳಿಗೆ ಒಂಬತ್ತು ವರ್ಷ. ಆ ನಗುವನ್ನು ಅವಳು ಮರೆತೇಬಿಟ್ಟಿದ್ದಳು. ಬಲಗಡೆ ಬೂದಿಯ ಮಚ್ಚೆ.

ಏಮೋಸನಿಗೆ ಗೊತ್ತಿತ್ತು. ಗೊತ್ತಿರದೆ ಹೋಗಲು ಸಾಧ್ಯವಿಲ್ಲ. ಡ್ಯೂಕನ ಕಾಲು ತಿಕ್ಕಿ ತೊಳೆಯುತ್ತಿದ್ದವನು ಅವನೇ. ಮೊದಲ ದಿನವಲ್ಲದಿದ್ದರೂ ಆ ವರ್ಷವೇ ಅವನ ಕಣ್ಣಿಗೆ ಬಿದ್ದಿರಬೇಕು. ಅಷ್ಟರಲ್ಲಿ ಅವ್ವ ಮುತ್ತಿಡಲು ತೊಡಗಿಯಾಗಿತ್ತು. ಕ್ರಿಸ್ಮಸ್ ಬಂದಾಗಲೆಲ್ಲ, "ಸೈಲಸನಿಗೆ ಇಡಪ್ಪಾ" ಎಂದು ಅವ್ವ ಹಾಲಿ ಗಿಡದ ಕೆಂಪು ಹಣ್ಣಿನ ಟಿಸಿಲನ್ನು ಕೊಡುತ್ತಿದ್ದಳು. ಏಮೋಸ್ ಅದನ್ನು ತೆಗೆದುಕೊಂಡು ಎಡಗಡೆಯ ಮುಖದ ಪಕ್ಕಕ್ಕೆ ಸಿಕ್ಕಿಸುತ್ತಿದ್ದ. ಒಂದು ವರ್ಷವೂ ಅವನ ಕೈ ತಡೆದದ್ದನ್ನು ಟ್ಯಾಬಿತಾ ಕಂಡಿರಲಿಲ್ಲ.

ಅವಳು ಅಡುಗೆಮನೆಯಲ್ಲಿ ಬಹಳ ಹೊತ್ತು ಕೂತಳು. ಬಲಗಡೆಯ ಹುಡುಗನನ್ನೇ ಕೊಟ್ಟರೆ ಅಣ್ಣನ ಶವಪೆಟ್ಟಿಗೆಯ ಮುಂದೆ ಊರೆಲ್ಲ ಸೈಲಸನ ಮುಖ ಹಿಡಿದು ಕೂರುತ್ತದೆ. ಚರ್ಚಿನೊಳಗೆ ಅಂಥ ಸುಳ್ಳು ಅವಳಿಂದಾಗದು. ನಿಜ ಹೇಳಿದರೆ, ಅವ್ವ ಬದುಕಿದ್ದ ಮಗನಿಗೇ ಸತ್ತವನೆಂದು ಮುತ್ತಿಟ್ಟಳೆಂಬ ಮಾತು ಚಹಾದ ಜೊತೆ ಊರಿನ ಬಾಯಿಗೆ ಬೀಳುತ್ತದೆ. ಅದು ಬೀಳಬಾರದೆಂದೇ ಏಮೋಸ್ ಬಾಯಿ ಬಿಡದೆ ಬದುಕಿದ್ದು. ಅವನು ಬಚ್ಚಿಟ್ಟು ಕಾಪಾಡಿದ್ದನ್ನು ಅವನು ತೀರಿಕೊಂಡ ವಾರವೇ ಒಡೆಯಲು ತಾನು ಯಾರು? ಅವಳು ಬೈಬಲನ್ನು ತೆರೆದಳು, ಓದಲಾಗದೆ ಅದರ ಮೇಲೆ ಕೈ ಇಟ್ಟುಕೊಂಡು ಕೂತಳು.

ಬೆಳಿಗ್ಗೆ ಫಿಲಿಪ್ಪಾ ಬಾಗಿಲು ತೆರೆಯುವಾಗ ಟ್ಯಾಬಿತಾ ಮೆಟ್ಟಿಲ ಮೇಲೆ ನಿಂತಿದ್ದಳು.

"ಕತ್ತರಿಸ್ಬೇಡ. ಮೂವರೂ ಇರ್ಲಿ. ಸರಿಯಾಗಿ ತಿರುಗಿಸಿದ್ದನ್ನೇ ಹಾಕು."

"ಕೆಳಗೆ ಹೆಸರು?"

"ಗೋಡೆ ಮೇಲೆ ಇದೆಯಲ್ಲ, ಹಾಗೇ. ಸೈಲಸ್, ಡ್ಯೂಕ್, ಏಮೋಸ್."

ಫಿಲಿಪ್ಪಾ ಬರೆದುಕೊಂಡಳು. ಬರೆಯುವಾಗ ಅವಳ ಪೆನ್ನು ಒಂದು ಕ್ಷಣ ನಿಂತಿತು. ಚಿತ್ರವನ್ನು ನೋಡಿದಳು, ಟ್ಯಾಬಿತಾಳನ್ನು ನೋಡಿದಳು. "ಗೋಡೆ ಮೇಲಿನದನ್ನೂ ಸರಿ ಮಾಡಿ ಹಾಕ್ತೀನಿ. ಹೆಸರಿನ ಚೀಟಿ ಬದಲಾಯಿಸೋ ಅಗತ್ಯ ಇಲ್ಲ ಅಲ್ವಾ?" ಎಂದಳು.

"ಇಲ್ಲ ತಾಯಿ. ಅದು ಮೊದಲಿನಿಂದ್ಲೂ ಸರಿಯಾಗೇ ಇದೆ."

ಅಂತ್ಯಕ್ರಿಯೆಯ ದಿನ ಗಾಳಿಯಿರಲಿಲ್ಲ. ಗಂಟೆ ಬಾರಿಸುವವರು ಸಾವಿನ ದಿನದ ರೂಢಿಯಂತೆ ಗಂಟೆಗಳ ನಾಲಿಗೆಗೆ ಒಂದೊಂದು ಪಕ್ಕ ಮಾತ್ರ ತೊಗಲು ಕಟ್ಟಿದ್ದರು. ಹಾಗಾಗಿ ಗಂಟೆಗಳು ಒಮ್ಮೆ ಗಟ್ಟಿಯಾಗಿ ನುಡಿದು, ಮರುಸಲ ಗುಡ್ಡದಾಚೆಯಿಂದ ಓಗೊಟ್ಟಂತೆ ಮೆಲ್ಲಗೆ ನುಡಿಯುತ್ತಿದ್ದವು. ನಾರ್ಮನ್ ಅವಳ ಹಿಂದಿನ ಸಾಲಿನಲ್ಲಿ ಕೂತಿದ್ದ. ಹಾಳೆಯನ್ನು ದೂರ ಹಿಡಿದು ನೋಡಿ, ಮುಂದಕ್ಕೆ ಬಾಗಿದ.

"ಟ್ಯಾಬಿ, ಎಡಗಾಲು. ಈಗ ಇದು ಡ್ಯೂಕ್. ನಾನು ಇಷ್ಟು ವರ್ಷ ಬಡ್ಕೊಂಡೆ..."

ಅವನ ಬೆರಳು ಕುದುರೆಯ ಕಾಲಿನಿಂದ ಮೇಲೆ ಹತ್ತಿ ಒಬ್ಬ ಹುಡುಗನ ಮುಖಕ್ಕೆ ಬಂತು, ಅಲ್ಲಿಂದ ಇನ್ನೊಬ್ಬನ ಮುಖಕ್ಕೆ ಹೋಯಿತು. ಟ್ಯಾಬಿತಾಳ ಅವ್ವ ಆ ಫೋಟೋಗೆ ಮುತ್ತಿಡುವುದನ್ನು ಅವನೂ ಚಿಕ್ಕಂದಿನಲ್ಲಿ ಕಂಡವನೇ.

"ಏಮೋಸ್‌ಗೆ ಗೊತ್ತಿತ್ತಾ?" ಎಂದು ಪಿಸುಗುಟ್ಟಿದ.

"ಕುದುರೆ ನೋಡ್ಕೊಳ್ತಿದ್ದೋನು ಅವನೇ ಅಲ್ವಾ?"

ನಾರ್ಮನ್ ಹಿಂದಕ್ಕೆ ಒರಗಿದ. ಹಾಳೆಯನ್ನು ಮಡಿಸಿ ಜೇಬಿಗಿಟ್ಟು, "ಚಿತ್ರ ಬದಲಾಯ್ತಾ ಅಂತ ಯಾರಾದ್ರೂ ಕೇಳಿದ್ರೆ ನನ್ನದೇ ತಪ್ಪು ಅಂತೀನಿ ಬಿಡು ಇನ್ಮೇಲೆ. ನನ್ನ ಪಾದಕ್ಕೆ ಮರೆವು ಬಂತು ಅಂತೀನಿ" ಎಂದ. ಆಮೇಲೆ ಅವನು ಮೂಗು ಒರೆಸಿಕೊಳ್ಳುವುದು ಕೇಳಿಸಿತು.

ಎಲ್ಲರೂ ಮೊಣಕಾಲೂರಿದರು. ಟ್ಯಾಬಿತಾ ಹಾಳೆಯನ್ನು ಮುಂದಿನ ಬೆಂಚಿನ ಅಂಚಿನ ಮೇಲೆ ಹರಡಿದಳು. ಕೈಗವಸು ಬಿಚ್ಚಿ, ಒಂದು ಹೆಬ್ಬೆರಳನ್ನು ಎಡಗಡೆಯ ಮುಖದ ಮೇಲೆ, ಇನ್ನೊಂದನ್ನು ಬಲಗಡೆಯ ಮುಖದ ಮೇಲೆ ಇಟ್ಟಳು. ಶಾಯಿ ಇನ್ನೂ ಹೊಸದಾಗಿತ್ತು. ಮೇಲೆ ಗೋಪುರದಲ್ಲಿ ಗಂಟೆ ಒಮ್ಮೆ ಗಟ್ಟಿಯಾಗಿ, ಒಮ್ಮೆ ಮೆಲ್ಲಗೆ ನುಡಿದು ನಿಂತಿತು.

"ಕರ್ತನೇ," ಎಂದಳು ಅವಳು, "ಇವನಿಗೆ ಶಾಂತಿ ಕೊಡು. ಇವನಿಗೂ ಶಾಂತಿ ಕೊಡು. ನಿನ್ನ ಬೆಳಕಿನಲ್ಲಿ ಇಬ್ಬರನ್ನೂ ಒಟ್ಟಿಗೆ ಇಟ್ಟುಕೋ. ಆಮೆನ್."