ಅತ್ತೆಯ ಎದುರು ಕೇಳಿದ ಪ್ರಶ್ನೆ

ಪರದೇಶದಲ್ಲಿ, ಸ್ಯಾಂಟ್ರಿಯ ಆ ಅಪಾರ್ಟ್‌ಮೆಂಟಿನಲ್ಲಿ ಕನ್ನಡದವರಿಗೆ ಏನೇ ಕಷ್ಟ ಬಂದರೂ ಚಿತ್ರಾ ಇದ್ದಳು. ಮೈಸೂರಿನವಳು, ಗ್ರ್ಯಾಂಡ್ ಕೆನಾಲ್ ಡಾಕಿನ ದೊಡ್ಡ ಕಂಪನಿಯಲ್ಲಿ ಮ್ಯಾನೇಜರ್, ಇಂಗ್ಲಿಷ್ ಅಂದರೆ ಅರಳು ಹುರಿದ ಹಾಗೆ. ಹೊಸದಾಗಿ ಬಂದವರ ಬ್ಯಾಂಕ್ ಅಕೌಂಟಿನಿಂದ ಹಿಡಿದು ಬಾಯ್ಲರ್ ರಿಪೇರಿಯವರೆಗೆ ಅವಳೇ ಮಾತಾಡಬೇಕು. ಮಾತಾಡಿ ಮುಗಿಸಿ ‘ಅಯ್ಯೋ, ಇದೇನು ಮಹಾ’ ಅನ್ನುವಾಗ ಅವಳ ಮುಖ ನೋಡಬೇಕಿತ್ತು.

ಹಾಗಾಗಿ ಕೆಳಗಿನ ಮನೆಯ ಗಗನಾಳ ಆರು ವಾರದ ಚೆಕಪ್ಪಿಗೂ ಅವಳೇ ಹೊರಟಳು. ಗಗನಾ ಅರಸೀಕೆರೆ ಕಡೆಯವಳು, ಕನ್ನಡ ಮೀಡಿಯಮ್ಮಿನಲ್ಲಿ ಓದಿದವಳು. ನಿಧಾನಕ್ಕೆ ಹೇಳಿದರೆ ಇಂಗ್ಲಿಷ್ ತಿಳಿಯುತ್ತಿತ್ತು, ಇಲ್ಲಿಯವರು ಗಡಗಡ ಅಂದರೆ ಇಲ್ಲ. ಗಂಡ ಮಂಜೇಶನಿಗೆ ರಜೆ ಸಿಗಲಿಲ್ಲ. ಬಾಣಂತನಕ್ಕೆ ಬಂದಿದ್ದ ಅತ್ತೆ ರಾಜಮ್ಮ ಮಗು ಎತ್ತಿಕೊಂಡು ಜೊತೆಗೆ ಬಂದರು.

ಡಾಕ್ಟರು ನಗುಮುಖದ ಹೆಂಗಸು. ಗಗನಾಳ ಕಿವಿಯಲ್ಲಿ ಹತ್ತಿ ಕಂಡು, ಕಿವಿನೋವಾ ಅಂತ ಕೇಳಿದರು. ಚಿತ್ರಾಳಿಗೆ ಹುರುಪು ಬಂತು. ಬಾಣಂತಿಗೆ ಶೀತಗಾಳಿ ಯಾಕೆ ಸೋಕಬಾರದು, ಬೆಳ್ಳುಳ್ಳಿ ಯಾಕೆ ತಿನ್ನಿಸಬೇಕು, ಸಾಂಬ್ರಾಣಿ ಹೊಗೆ ಯಾಕೆ ಹಾಕಬೇಕು ಅಂತ ಭಾಷಣವನ್ನೇ ಬಿಗಿದಳು. ಡಾಕ್ಟರು ಪಾಪ, ಎಲ್ಲ ಕೇಳಿಸಿಕೊಂಡರು.

ಸಿಸೇರಿಯನ್ ಗಾಯ ನೋಡಿದ ಮೇಲೆ ಅವರು ಮುಖ್ಯವಾದ ಮಾತಿಗೆ ಬಂದರು. ಮುಟ್ಟು ಬರದಿದ್ದರೂ, ಎದೆಹಾಲು ಕುಡಿಸುತ್ತಿದ್ದರೂ ಮತ್ತೆ ಬಸಿರು ನಿಲ್ಲಬಹುದು. ಆಪರೇಷನ್ ಆದ ಮೈ ಸುಧಾರಿಸಿಕೊಳ್ಳಬೇಕು. ಗಂಡನ ಜೊತೆ ಸೇರುವ ಮೊದಲೇ ಏನಾದರೂ ವ್ಯವಸ್ಥೆ ಆಗಬೇಕು. ಹಾಲು ಕುಡಿಸುವವರಿಗೆ ಆಗುವ ಮಾತ್ರೆ ಇದೆ, ತೋಳಿಗೆ ಹಾಕುವ ಇಂಪ್ಲಾಂಟ್ ಇದೆ, ಕಾಪರ್-ಟಿ ಇದೆ. ಅವಳಿಗೆ ಯಾವುದು ಬೇಕು ಕೇಳಿ ಅಂದರು.

ಚಿತ್ರಾ ಬಾಯಿ ತೆರೆದಳು. ರಾಜಮ್ಮ ಆ ಬಾಯನ್ನೇ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಸಲೀಸಾಗಿದ್ದ ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ಬತ್ತಲೆ ನಿಂತಿತ್ತು. ಅತ್ತೆಯ ಎದುರು ಸೊಸೆಯನ್ನು ಇದನ್ನು ಹೇಗೆ ಕೇಳುವುದು?

“ಏನಂತಮ್ಮಾ?” ಅಂದರು ರಾಜಮ್ಮ.

“ಗಾಯ ಚೆನ್ನಾಗಿ ಮಾಗಿದೆಯಂತೆ ಅಮ್ಮಾ. ಭಾರ ಎತ್ತಬಾರದಂತೆ.”

ಡಾಕ್ಟರ ಕಡೆ ತಿರುಗಿ, ಅದನ್ನೆಲ್ಲ ಗಂಡ ಹೆಂಡತಿ ಆಗಲೇ ನೋಡಿಕೊಂಡಿದ್ದಾರೆ, ಎಲ್ಲ ಸರಿಯಾಗಿದೆ, ಇಲ್ಲಿಯವರ ಮಾತಲ್ಲೇ ‘ಆಲ್ ಗ್ರ್ಯಾಂಡ್’ ಅಂದಳು. ಚಿತ್ರಾ ನಕ್ಕಿದ್ದಕ್ಕೆ ಗಗನಾನೂ ನಕ್ಕು ತಲೆಯಾಡಿಸಿದಳು.

ಕಾರಿನಲ್ಲಿ ರಾಜಮ್ಮ ಇದ್ದರು, ಹೇಳುವ ಹಾಗಿರಲಿಲ್ಲ. ಸಂಜೆ ಹೇಳೋಣ ಅಂತ ಕೆಳಗೆ ಹೋದಳು. ನಡುಮನೆಯ ಸೋಫಾ ಮೇಲೆ ಮಂಜೇಶನ ದಿಂಬು, ರಜಾಯಿ. ಬಾಣಂತಿ ಒಳಗೆ ಅತ್ತೆಯ ಪಕ್ಕ, ಗಂಡ ಹೊರಗೆ. ಹೀಗಿರುವಾಗ ಅವಸರ ಏನಿದೆ ಅಂತ ವಾಪಸ್ ಬಂದಳು. ಆಮೇಲೆ ಆಫೀಸು, ಕಾಲ್, ಡೆಡ್‌ಲೈನ್. ಅವೆಲ್ಲ ನೆಪ. ನಾಚಿಕೆ ಆಗುತ್ತಿತ್ತು, ಅಷ್ಟೇ. ವೀಸಾ ಮುಗಿದು ರಾಜಮ್ಮ ಊರಿಗೆ ಹೋದರು, ಸೋಫಾದ ಮೇಲಿನ ದಿಂಬು ಒಳಗೆ ಹೋಯಿತು. ಚಿತ್ರಾ ಅದನ್ನೂ ನೋಡಿದಳು, ಸುಮ್ಮನಿದ್ದಳು.

ಮಗು ಮಗ್ಗುಲಾಗಲು ಕಲಿತ ವಾರವೇ ಗಗನಾ ಮೇಲೆ ಬಂದಳು. ಮುಖ ಬಿಳಿಚಿಕೊಂಡಿತ್ತು.

“ಅಕ್ಕಾ, ಟೆಸ್ಟಲ್ಲಿ ಎರಡು ಗೆರೆ ಬಂದೈತೆ. ಮುಟ್ಟೇ ಆಗಿಲ್ಲ, ಹಾಲು ಕುಡಿಸ್ತಾ ಇದೀನಿ, ಹೆಂಗಕ್ಕಾ ಇದು? ಗಾಯ ಇನ್ನೂ ಎಳೀತೈತೆ. ನಂಗೆ ಭಯ ಆಗ್ತೈತೆ. ಆ ಡಾಕ್ಟ್ರು ಅವತ್ತೇ ಒಂದು ಮಾತು ಹೇಳಿದ್ರೆ ಅವರ ಗಂಟೇನು ಹೋಗ್ತಿತ್ತು? ನಮ್ಮಂಥೋರು ಅಂದ್ರೆ ಸದರ ಇವ್ರಿಗೆ.”

“ಹೂಂ, ಇಲ್ಲಿಯವರು ಹಾಗೇನೇ,” ಅಂದುಬಿಟ್ಟಳು ಚಿತ್ರಾ.

ಅಂದ ಮೇಲೆ ಕಿವಿ ಬಿಸಿಯಾಯಿತು. ಹಿಂದಿನದು ಸಂಕೋಚ ಅಂದುಕೊಳ್ಳಬಹುದಿತ್ತು. ಇದಕ್ಕೆ ಸುಳ್ಳು ಅನ್ನದೆ ಬೇರೆ ಹೆಸರಿಲ್ಲ. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಬಾಯಿ ಬಿಡಲಿಲ್ಲ.

ಮತ್ತೆ ಅದೇ ಕ್ಲಿನಿಕ್, ಅದೇ ಡಾಕ್ಟರು. ಮಗು ಚಿತ್ರಾಳ ತೊಡೆಯ ಮೇಲಿತ್ತು. ವಿಷಯ ಕೇಳಿ ಡಾಕ್ಟರು ಬೇಸರದಿಂದಲೇ, ಮೆತ್ತಗೆ ಅಂದರು: ಹೋದ ಸಲ ಕೇಳಿದ್ದೆ, ವ್ಯವಸ್ಥೆ ಆಗಿದೆ ಅಂದಿದ್ದಿರಿ. ಎಲ್ಲಿ ತಪ್ಪಿತು, ಕೇಳಿ.

ಗಗನಾ ಚಿತ್ರಾಳ ಮುಖ ನೋಡಿದಳು. “ಏನಂತಾರಕ್ಕಾ?”

ಇವತ್ತು ರಾಜಮ್ಮ ಇಲ್ಲ. ಯಾರ ಹಿಂದೆ ಬಚ್ಚಿಟ್ಟುಕೊಳ್ಳುವುದು? ಏನೋ ಒಂದು ಕಟ್ಟಿ ಹೇಳಿದರೆ ಈಗಲೂ ನಡೆಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಹುಡುಗಿ ಹೊಟ್ಟೆಯ ಗಾಯದ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು.

“ಹೋದ ಸಲಾನೇ ಕೇಳಿದ್ದೆ ಅಂತಾರೆ. ಹೌದು, ಕೇಳಿದ್ರು ಗಗನಾ. ಮುಟ್ಟು ಬರದೇ ಇದ್ರೂ ಆಗಬಹುದು, ಮೊದಲೇ ಏನಾದ್ರೂ ಹಾಕಿಸ್ಕೋ ಅಂದ್ರು. ನಿನಗೇನು ಬೇಕು ಅಂತಾನೂ ಕೇಳಿದ್ರು. ನಿಮ್ಮತ್ತೆ ಇದ್ರಲ್ಲ, ನಂಗೆ ಹೇಳೋಕೆ ನಾಚಿಕೆ ಆಯ್ತು. ಎಲ್ಲ ಆಗಿದೆ ಅಂತ ನಾನೇ ಹೇಳಿಬಿಟ್ಟೆ.”

ಗಗನಾ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಚಿತ್ರಾಳಿಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಗಗನಾ ಡಾಕ್ಟರ ಕಡೆ ಪೂರ್ತಿ ತಿರುಗಿ ಕೂತಳು.

“ಡಾಕ್ಟರ್, ಪ್ಲೀಸ್ ಟಾಕ್ ಸ್ಲೋ,” ಅಂದಳು. “ಟು ಮೀ.”

ಆಮೇಲೆ, ಈ ಕಡೆ ನೋಡದೆ, ಎರಡೂ ಕೈ ಚಾಚಿದಳು.

“ಮಗೂನ ಇಲ್ಲಿ ಕೊಡಿ. ನೀವು ಆಚೆ ಕೂತಿರಿ.”

ಆ ಮಾತಿನಲ್ಲಿ ಅಕ್ಕ ಇರಲಿಲ್ಲ. ಚಿತ್ರಾ ಮಗುವನ್ನು ಕೊಟ್ಟು ಎದ್ದಳು.